ಗುಟ್ಟಿನ ಪದ

ಸಕಲೇಶಪುರ
14 ಜುಲೈ 2008

ಶ್ರೀ ನಟರಾಜ್ ಮತ್ತು ಶ್ರೀಮತಿ ಮೀನಾಕ್ಷಮ್ಮ ಅವರಿಗೆ,
ವನಗೂರು

ನಮಸ್ಕಾರಗಳು.

ನಾನು ನಿಮ್ಮ ಮಗಳು ನವ್ಯಶ್ರೀಗೆ ಕಂಪ್ಯೂಟರ್ ಪಾಠ ಹೇಳುವ ಗಂಗಾಮಣಿ. ಹತ್ತನೇ ತರಗತಿಯ ಎಲ್ಲ ಮಕ್ಕಳ ಮನೆಗೂ ಈ ಪತ್ರ ಬರೆಯುತ್ತಿದ್ದೇನೆ. ಶಾಲೆಗೆ ಇಂಟರ್‌ನೆಟ್ ಬಂದಿದೆ ಎಂದು ಕೇಳಿ ಹಲವರು ಗಾಬರಿಯಾಗಿದ್ದೀರಿ. ಕಳೆದ ವಾರದ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು, "ಮಕ್ಕಳನ್ನ ಬಸ್ ಸ್ಟ್ಯಾಂಡಲ್ಲಿ ಬುಟ್ಟಂಗೆ ಆಗಲ್ವಾ ಮೇಡಮ್?" ಎಂದು ಕೇಳಿದರು. ಅವರ ಭಯ ನನಗೆ ಅರ್ಥವಾಗುತ್ತದೆ.

ಪ್ರತಿ ಮಗುವಿಗೂ ಒಂದೊಂದು ಇ-ಮೇಲ್ ಮಾಡಿಕೊಟ್ಟಿದ್ದೇವೆ. ಅದರ ಒಳಗೆ ಹೋಗಲು ಒಂದು ಗುಟ್ಟಿನ ಪದ ಬೇಕು. ಅದಕ್ಕೆ ಪಾಸ್‌ವರ್ಡ್ ಎನ್ನುತ್ತಾರೆ. ಆ ಪದ ಮಗುವಿಗೆ ಮತ್ತು ನನಗೆ ಮಾತ್ರ ಗೊತ್ತಿರುತ್ತದೆ. ಇದು ನಮ್ಮ ಹೆಡ್‌ಮಾಸ್ಟರ್ ಏಕಾಂತಯ್ಯನವರು ಮಾಡಿರುವ ನಿಯಮ. ಹಾಗೆಂದು ಮಕ್ಕಳು ಬರೆದದ್ದನ್ನೆಲ್ಲ ನಾನು ಓದುತ್ತಾ ಕೂರುವುದಿಲ್ಲ. ಮಗುವಿಗೆ ಅಪಾಯವಿದೆ ಎಂದು ಕಂಡರೆ ಮಾತ್ರ ತೆರೆಯುತ್ತೇನೆ, ಆಗಲೂ ಮೊದಲು ಆ ಮಗುವನ್ನೇ ಕರೆದು ಹೇಳುತ್ತೇನೆ. ಮಕ್ಕಳಿಗೂ ಈ ಮಾತು ಕೊಟ್ಟಿದ್ದೇನೆ.

ನವ್ಯಶ್ರೀ ಚುರುಕಿನ ಹುಡುಗಿ. ಅವಳ ಬಗ್ಗೆ ನೀವು ಚಿಂತೆ ಮಾಡಬೇಕಾಗಿಲ್ಲ. ನನ್ನ ಕಣ್ಣು ಅವಳ ಮೇಲಿರುತ್ತದೆ.

ಇಂತಿ ವಿಶ್ವಾಸದ,
ಗಂಗಾಮಣಿ



ಕೆ. ಹೊಸಕೋಟೆ
9 ಡಿಸೆಂಬರ್ 2008

ಪ್ರೀತಿಯ ಗಂಗಾಮಣಿ ಮಿಸ್,

ನಾನು ಎಲ್ಲಿ ಹೋದೆ ಅಂತ ನೀವು ಹುಡುಕ್ತಿರಬಹುದು. ಕೆ. ಹೊಸಕೋಟೆಯಲ್ಲಿ ನಮ್ಮ ಸೋದರತ್ತೆ ರಾಮಮ್ಮನ ಮನೇಲಿದ್ದೀನಿ. ಇನ್ಮೇಲೆ ಇಲ್ಲೇ ಅಂತೆ. ರಾಗಿ ಹಿಟ್ಟು ಮಾಡಿಸ್ಕೊಂಡು ಬಾ ಅಂತ ಅತ್ತೆ ಮಿಲ್ಲಿಗೆ ಕಳಿಸ್ತಾರೆ, ಮಿಲ್ಲಿನ ಪಕ್ಕದಲ್ಲೇ ಪೋಸ್ಟ್ ಡಬ್ಬ ಇದೆ. ಅದಕ್ಕೇ ಬರೆಯೋಕೆ ಆಯ್ತು.

ಹೋದ ಸೋಮವಾರ ಗಣಿತದ ಪೀರಿಯಡ್‌ನಲ್ಲಿ ಜವಾನ ಬಂದು ನನ್ನ ಕರೆದನಲ್ಲ, ಹೊರಗೆ ಜೀಪಲ್ಲಿ ಅಪ್ಪ, ಪ್ರತಾಪ್ ಚಿಕ್ಕಪ್ಪ ಕೂತಿದ್ದರು. "ಬ್ಯಾಗ್ ತಗಂಡ್ ಬಾ" ಅಂದರು ಅಪ್ಪ, ಅಷ್ಟೆ. ಜೀಪು ವನಗೂರಿನ ಕಡೆ ಹೋಗದೆ ಆಲೂರಿನ ರಸ್ತೆ ಹಿಡೀತು. ಯಾಕೆ ಅಂತ ಕೇಳಿದ್ದಕ್ಕೆ ಅಪ್ಪ ಹಿಂದಕ್ಕೆ ತಿರುಗದೇ ಹೇಳಿದರು, "ಮಂಜಿ ತಿಪಟೂರಲ್ಲಿ ಯಾವ ಬೀದೀಲವಳೆ ಅನ್ನೋದು ನಂಗೆ ಗೊತ್ತಾಗೈತೆ. ನೀನೇನೂ ಹೇಳ್ಬ್ಯಾಡ."

ಮಿಸ್, ನಿಮ್ಮ ಹತ್ತಿರ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಹೇಳ್ತೀನಿ. ಮಂಜುಶ್ರೀ ನನ್ನ ಅಕ್ಕ. ಎರಡು ವರ್ಷದ ಹಿಂದೆ ಗಣೇಶಣ್ಣನ ಜೊತೆ ಹೋಗಿ ಮದುವೆಯಾದಳು. ಗಣೇಶಣ್ಣನ ಅಮ್ಮ ಚಿನ್ನಮ್ಮ ನಮ್ಮ ಪಕ್ಕದ ಎಸ್ಟೇಟಿನ ಕೂಲಿ ಲೈನ್‌ನಲ್ಲಿ ಇದ್ದೋರು. ಅವರು ನಮ್ಮ ಜಾತಿಯವರಲ್ಲ. ಅವತ್ತಿಂದ ಅಪ್ಪ ಊರಲ್ಲೆಲ್ಲ ನನಗೆ ಒಬ್ಬಳೇ ಮಗಳು ಅಂತ ಹೇಳ್ಕೊಂಡು ಬಂದರು. ಅಕ್ಕ ಬದುಕಿದ್ದಾಳಾ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಲ್ಯಾಬಿನಲ್ಲಿ ಎಲ್ಲರೂ ಆರ್ಕುಟ್ ನೋಡ್ತಿದ್ದಾಗ ನಾನು ಸುಮ್ಮನೆ ಅವಳ ಹೆಸರು ಹಾಕಿದೆ. ಸಿಕ್ಕಳು. ನನ್ನ ಅಕ್ಕ ಮಿಸ್, ಅದೇ ನಗು, ಕೂದಲು ಮಾತ್ರ ಕತ್ತರಿಸಿದ್ದಳು. ಆಮೇಲೆ ಪ್ರತಿ ಲ್ಯಾಬ್ ದಿನ ನಾವಿಬ್ಬರೂ ಮೇಲ್ ಬರೆದ್ಕೊಂಡಿದ್ದೀವಿ. ಅವಳು ಟೈಲರ್ ಅಂಗಡೀಲಿ ಹೊಲೀತಾಳೆ, ಗಣೇಶಣ್ಣ ಎಣ್ಣೆ ಮಿಲ್ಲಲ್ಲಿದ್ದಾರೆ. ಅವಳು ಬಸುರಿ. ಯಾವ ಬೀದಿ, ಯಾವ ಮನೆ ಅನ್ನೋದನ್ನ ನನಗೆ ಒಬ್ಬಳಿಗೇ ಹೇಳಿದ್ದಳು.

ನನ್ನ ಪಾಸ್‌ವರ್ಡ್ ಗೊತ್ತಿರೋದು ನಿಮಗೆ ಮಾತ್ರ. ನೀವು ಯಾರಿಗೂ ಹೇಳಲ್ಲ. ಹಾಗಾಗಿ ಯಾರೋ ನನ್ನ ಬೆನ್ನ ಹಿಂದೆ ನಿಂತು ಓದಿರಬೇಕು. ದಯವಿಟ್ಟು ಯಾರು ಅಂತ ಹುಡುಕಿ ಹೇಳಿ.

ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡಿಕೊಡಿ ಮಿಸ್. ನನ್ನ ಮೇಲ್ ತೆಗೆದು ಅಕ್ಕನಿಗೆ "ಅಪ್ಪನಿಗೆ ಗೊತ್ತಾಗಿದೆ, ಹುಷಾರು" ಅಂತ ಬರೆದುಬಿಡಿ. ಇಷ್ಟು ಸಾಕು. ಕಾಫಿ ಕೊಯ್ಲು ಮುಗಿಯೋತನಕ ಅಪ್ಪ ತೋಟ ಬಿಟ್ಟು ಹೋಗಲ್ಲ ಅಂತ ಅಂದ್ಕೊಂಡಿದ್ದೀನಿ. ಇನ್ನೂ ಟೈಮ್ ಇದೆ.

ನಿಮ್ಮ ವಿದ್ಯಾರ್ಥಿನಿ,
ನವ್ಯಶ್ರೀ



ಸಕಲೇಶಪುರ
22 ಡಿಸೆಂಬರ್ 2008

ಪ್ರೀತಿಯ ನವ್ಯಶ್ರೀ,

ನಿನ್ನ ಕಾಗದ ತಲುಪಿತು. ನೀನು ಕ್ಷೇಮವಾಗಿರುವುದು ತಿಳಿದು ಸಮಾಧಾನವಾಯಿತು.

ನವೆಂಬರ್‌ನಲ್ಲಿ ಶಾಲೆಯಲ್ಲಿ ಏನಾಯಿತೆಂದು ನಿನಗೆ ಗೊತ್ತಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಫೋಟೊವನ್ನು ನಿಮ್ಮದೇ ತರಗತಿಯ ಹುಡುಗ ಆರ್ಕುಟ್‌ಗೆ ಹಾಕಿ, ಕೆಳಗೆ ಬರೆಯಬಾರದ್ದನ್ನು ಬರೆದ. ಆ ಹುಡುಗಿಯ ತಂದೆ ಶಾಲೆಗೆ ಬಂದು ಕೂಗಾಡಿದರು. ಆಡಳಿತ ಮಂಡಳಿಯವರು ಎಲ್ಲ ಮಕ್ಕಳ ಮೇಲ್ ತಪಾಸಣೆ ಆಗಲೇಬೇಕು ಎಂದರು. ಹಾಗೆ ತಪಾಸಣೆ ನಡೆಯಿತು. ಆಗ ನಿನ್ನ ವಿಷಯವೂ ಗೊತ್ತಾಯಿತು. ಪೋಷಕರಿಗೆ ತಿಳಿಸಬೇಕೆಂದು ತೀರ್ಮಾನವಾಯಿತು. ಇದರಲ್ಲಿ ಯಾರೊಬ್ಬರನ್ನೂ ದೂರುವಂತಿಲ್ಲ. ಎಲ್ಲರೂ ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು.

ವಿಜ್ಞಾನ ಮತ್ತು ಸಮಾಜದ ನೋಟ್ಸ್ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹಾಜರಾತಿ ವಿಷಯ ಏಕಾಂತಯ್ಯ ಸರ್ ಜೊತೆ ಮಾತಾಡಿದ್ದೇನೆ, ಪರೀಕ್ಷೆಗೆ ತೊಂದರೆಯಾಗುವುದಿಲ್ಲ. ಚೆನ್ನಾಗಿ ಓದು. ಈ ವಯಸ್ಸಿನಲ್ಲಿ ಅದೊಂದೇ ನಿನ್ನ ಕೈಯಲ್ಲಿರುವುದು.

ನಿನ್ನ ಶ್ರೇಯಸ್ಸನ್ನು ಬಯಸುವ,
ಗಂಗಾಮಣಿ

ಮೇಲ್ ತೆಗೆದು ಬರೆಯಲು ಕೇಳಿದ್ದೀಯ. ಲ್ಯಾಬಿಗೆ ಈಗ ಬೀಗ ಹಾಕಿದ್ದಾರೆ.



18 ಜನವರಿ 2009

ನವ್ಯ,

ನೀನು ಸ್ಕೂಲಲ್ಲೇ ಇದ್ದೀಯೋ ಇಲ್ವೋ ಗೊತ್ತಿಲ್ಲ. ಮನೆಗೆ ಬರೆದ್ರೆ ಅಪ್ಪನ ಕೈಗೆ ಸಿಗ್ತದೆ ಅಂತ ಸ್ಕೂಲಿನ ವಿಳಾಸಕ್ಕೆ ಹಾಕ್ತಿದೀನಿ.

ಅಪ್ಪನೂ ಪ್ರತಾಪ್ ಚಿಕ್ಕಪ್ಪನೂ ಬಂದಿದ್ರು. ಡಿಸೆಂಬರ್ ಕೊನೇಲಿ. ಮೊದ್ಲು ನಾನು ಕೆಲಸ ಮಾಡೋ ಅಂಗಡಿಗೆ ಬಂದ್ರು. ಬಾಗಿಲಲ್ಲಿ ಅಪ್ಪನ್ನ ಕಂಡು, ನಿಂಗೆ ಹೇಳೋಕ್ಕೇನು, ನಂಗೆ ಖುಷಿ ಆಯ್ತು ಕಣೆ. ಹೊಟ್ಟೆ ಮೇಲೆ ಸೆರಗು ಎಳ್ಕೊಂಡು ಎದ್ದು ನಿಂತ್ಕೊಂಡೆ, ಅಪ್ಪ ಅಂದೆ. ಅವ್ರು ನನ್ನ ಮುಖಾನೇ ನೋಡಲಿಲ್ಲ. ಅಂಗಡಿಯವ್ರಿಗೆ, "ಇವಳು ಯಾರ ಜೊತೆ ಓಡ್ ಬಂದವಳೆ, ಅವ್ನು ಯಾವ ಜಾತಿಯವ್ನು ಅನ್ನೋದು ಗೊತ್ತಾ ನಿಮ್ಗೆ?" ಅಂದ್ರು. ಅಲ್ಲಿಂದ ಎಣ್ಣೆ ಮಿಲ್ಲಿಗೆ ಹೋಗಿ ಗಣೇಶನ್ನ ಎಲ್ರ ಮುಂದೆ ಕೊರಳಪಟ್ಟಿ ಹಿಡಿದು ಎಳೆದ್ರಂತೆ. ಚಿಕ್ಕಪ್ಪ ಹೊಡೆದ್ರು. ಗಣೇಶ ಕೈ ಎತ್ತಲಿಲ್ಲ. ನಿಮ್ಮಪ್ಪ ಅಂತ ಸುಮ್ನಿದ್ದೆ ಅಂತಾನೆ ಈಗ. ಮಿಲ್ಲಿನ ಸಾಹುಕಾರ ಇಂಥ ಗಲಾಟೆ ನಂಗೆ ಬೇಡ ಕಣಪ್ಪ ಅಂತ ಕೆಲಸದಿಂದ ಬಿಡಿಸಿದ. ಮನೆ ಓನರಮ್ಮನಿಗೆ ನಾವು ಗಣೇಶನ ಜಾತಿ ಹೇಳಿರಲಿಲ್ಲ. ಅಪ್ಪ ಹೇಳಿದ್ರು. ಆಯಮ್ಮ ಮರುದಿನಾನೇ ಪಾತ್ರೆ ಪಗಡ ಹೊರಗಿಡಿಸಿದ್ಲು.

ನಾವು ಈಗ ಬೇರೆ ಊರಲ್ಲಿದೀವಿ. ಯಾವ ಊರು ಅಂತ ಬರೆಯಲ್ಲ. ಕಾಗದವನ್ನೂ ಇನ್ನೊಂದು ಊರಲ್ಲಿ ಹಾಕಿಸ್ತಿದೀನಿ.

ನಮ್ಮ ಬೀದಿ ಹೆಸರು, ಅಂಗಡಿ ಹೆಸರು, ಮಿಲ್ಲಿನ ಹೆಸರು ಎಲ್ಲಾ ಗೊತ್ತಿದ್ದಿದ್ದು ನಿಂಗೆ ಒಬ್ಳಿಗೇ. ಗಣೇಶ ಬೇಡ ಅಂದಿದ್ದ. ಅವಳು ಹುಡುಗಿ, ಬಾಯಿ ಬಿಡ್ತಾಳೆ ಅಂತ. ನವ್ಯ ಹಂಗಲ್ಲ ಅಂತ ಜಗಳ ಆಡಿದ್ದೆ ಅವನ ಜೊತೆ. ನಿನ್ ಕೇಳಿ ಎರಡು ಮೇಲ್ ಹಾಕಿದೆ, ಉತ್ತರ ಇಲ್ಲ. ಹೊಡೆದು ಕೇಳಿದ್ರೇನೆ? ಹೊಡೆದ್ರೆ ಹೇಳಿರ್ತೀಯ ಅಂತ ಗಣೇಶ ಅಂತಾನೆ, ಅವಳನ್ನ ಬೈಬೇಡ ಅಂತಾನೆ. ನಂಗೆ ಮಾತ್ರ ಹೊಟ್ಟೆ ಉರಿ ಆರಲ್ಲ. ಒಂದು ಮಾತು ಮುಂಚೆ ಹೇಳಿದ್ರೆ ನಾವು ಹೊರಟ್ಹೋಗಿರ್ತಿದ್ವಿ. ಅಷ್ಟೂ ಮಾಡಲಿಲ್ಲ ನೀನು.

ಮಂಜುಶ್ರೀ



ಕೆ. ಹೊಸಕೋಟೆ
11 ಫೆಬ್ರವರಿ 2009

ಮಿಸ್,

ನೀವು ಕಳಿಸಿದ ಅಕ್ಕನ ಕಾಗದ ಸಿಕ್ಕಿತು. "ನಿನ್ನ ಹೆಸರಿಗೆ ಶಾಲೆಗೆ ಬಂದಿದ್ದು, ಒಡೆದಿಲ್ಲ" ಅಂತ ಕವರಿನ ಮೇಲೆ ಬರೆದಿದ್ದೀರಿ. ಈ ಸಲ ಒಡೆಯಲಿಲ್ಲ.

ಹೋದ ಭಾನುವಾರ ಅಮ್ಮ ಬಂದಿದ್ದರು. ಅತ್ತೆ ಕಣದಲ್ಲಿ ಹುರುಳಿ ಬಡೀತಿದ್ದಾಗ ಅಮ್ಮ ನನ್ನ ತಲೆ ಬಾಚ್ತಾ ಕೂತರು. ನಾನು ಕೇಳಿದೆ, ಸ್ಕೂಲಲ್ಲಿ ಅಪ್ಪನಿಗೆ ಹೇಳಿದ್ದು ಯಾರು ಅಂತ. ನಾನು ಹೆಡ್‌ಮಾಸ್ಟರ್ ಅಂದ್ಕೊಂಡಿದ್ದೆ. ಅಮ್ಮ ಹೇಳಿದರು, "ಹೆಡ್ ಮಾಸ್ಟ್ರು ಅವತ್ತು ಇರ್ನೇ ಇಲ್ಲ ಕಣೆ. ನಿಮ್ಮ ಮಿಸ್ಸೇ ಫೋನ್ ಮಾಡಿ ನಮ್ಮಿಬ್ರನ್ನೂ ಕರೆಸಿದ್ದು. ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಆ ಟೀವಿ ತಿರುಗಿಸಿ ಒಂದೊಂದೇ ಓದಿ ಹೇಳ್ತು. ಬಲು ಒಳ್ಳೆ ಹೆಣ್ಮಗಳು."

ಅಮ್ಮನಿಗೆ ನೀವು ಒಳ್ಳೆಯವರು. ಕಾಫಿ ಕೊಟ್ಟಿರಲ್ಲ.

ನೀವು ಅವರನ್ನ ಕರೆಸಿದ್ದು ಶನಿವಾರ. ನಾನು ಮೇಲಿನ ಕೋಣೇಲಿ ಕನ್ನಡ ಪಾಠ ಕೇಳ್ತಿದ್ದೆ. ಗಂಟೆ ಹೊಡೆದ ಮೇಲೆ ನೀವು ಕಾರಿಡಾರ್‌ನಲ್ಲಿ ಎದುರು ಬಂದು ನನ್ನ ತಲೆ ಸವರಿದ್ರಿ. "ಎಲ್ಲ ಒಳ್ಳೇದಾಗುತ್ತೆ" ಅಂದ್ರಿ. ಪರೀಕ್ಷೆ ವಿಷಯ ಹೇಳ್ತಿದ್ದೀರಿ ಅಂದ್ಕೊಂಡೆ. ಆಗಲೂ ನನಗೆ ಹೇಳಬಹುದಿತ್ತು. ಸೋಮವಾರದತನಕ ಟೈಮ್ ಇತ್ತು.

ನಿಮ್ಮ ಕಾಗದವನ್ನ ಮತ್ತೆ ತೆಗೆದು ಓದಿದೆ. "ತಪಾಸಣೆ ನಡೆಯಿತು", "ಗೊತ್ತಾಯಿತು", "ತೀರ್ಮಾನವಾಯಿತು". ತಾನಾಗಿ ಹೇಗೆ ಗೊತ್ತಾಗುತ್ತೆ ಮಿಸ್? ಯಾರೋ ಕೂತು ಓದಿರಬೇಕಲ್ಲ? ಯಾರು ಓದಿದ್ದು ಅಂತ ಹುಡುಕಿಕೊಡಿ ಅಂತ ನಾನು ನಿಮ್ಮನ್ನೇ ಕೇಳಿದೆ. ಓದುವಾಗ ನಿಮಗೆ ಏನನ್ನಿಸಿತು? ನಗು ಬಂತಾ?

ಮೊದಲನೇ ದಿನ ಒಬ್ಬೊಬ್ಬರನ್ನೇ ಕರೆದು ಕಿವೀಲಿ ಪಾಸ್‌ವರ್ಡ್ ಹೇಳಿಸ್ಕೊಂಡ್ರಿ. ಕೆಲವರು ನಿಮಗೆ ಸುಳ್ಳು ಪದ ಹೇಳಿ ಆಮೇಲೆ ಬದಲಾಯಿಸಿಕೊಂಡರು. ಆ ಫೋಟೊ ಹಾಕಿದ ಹುಡುಗ ಕೂಡ. ನಿಜ ಹೇಳಿದ್ದು ನಾನು. ಮಿಸ್‌ಗೆ ಯಾಕೆ ಸುಳ್ಳು ಹೇಳಬೇಕು ಅಂದ್ಕೊಂಡೆ.

ನಾನು ಕೇಳೋದು ಒಂದೇ. ಲ್ಯಾಬಿನ ಬೀಗ ತೆಗೆಸಿ. ನನ್ನ ಮೇಲ್‌ನಿಂದ ಅಕ್ಕನಿಗೆ ಬರೆಯಿರಿ. ನೀವೇ ಬರೆಯಿರಿ. ಹೇಳಿದ್ದು ನವ್ಯ ಅಲ್ಲ, ನಾನು, ಅಂತ. ಅವಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ, ಆದರೆ ಆ ಮೇಲ್ ಅವಳು ನೋಡೇ ನೋಡ್ತಾಳೆ.

ನವ್ಯಶ್ರೀ



ಸಕಲೇಶಪುರ
6 ಮಾರ್ಚ್ 2009

ನವ್ಯಶ್ರೀ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ವಾರ ಹಿಡಿಯಿತು.

ನಾನೇ ಓದಿದೆ. ಏಕಾಂತಯ್ಯ ಸರ್ ಎಲ್ಲ ಮಕ್ಕಳ ಇ-ಮೇಲ್‌ಗಳಲ್ಲಿ ಸುಮ್ಮನೆ ಕಣ್ಣಾಡಿಸಿ, ಕೆಟ್ಟದ್ದಿದ್ದರೆ ಮಾತ್ರ ಹೇಳಿ ಎಂದಿದ್ದರು. ನಿನ್ನದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಲ್ಲಿಗೆ ಮುಚ್ಚಬೇಕಿತ್ತು. ನಿಲ್ಲಿಸಲು ಆಗಲಿಲ್ಲ. ನೀವಿಬ್ಬರೂ ಬರೆದದ್ದು ಅಷ್ಟು ಚೆನ್ನಾಗಿತ್ತು. ಮೊದಲಿಂದ ಕೊನೆವರೆಗೂ ಓದಿದೆ. ನಗು ಬರಲಿಲ್ಲ ನವ್ಯಾ. ನಿಮ್ಮನ್ನು ಒಂದು ಮಾಡುತ್ತೇನೆ ಎಂದುಕೊಂಡೆ. ನಿನ್ನನ್ನು ಕೇಳಿದರೆ ಬೇಡ ಅನ್ನುತ್ತೀಯ ಎಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ನಿಮ್ಮ ತಂದೆ ಬಂದು ಕೂತರು. ಬಸುರಿ ಮಗಳ ಫೋಟೊ ತೋರಿಸಿದೆ. ಅವರು ಅತ್ತರು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಳುವ ಮನುಷ್ಯ ಹೀಗೆ ಮಾಡಿಯಾರು ಅಂತ ನನಗೆ ಅನ್ನಿಸಲೇ ಇಲ್ಲ. "ಎಲ್ಲವಳೆ ಅಂತ ಒಂಚೂರು ಹೇಳಿ ತಾಯಿ, ಹೋಗಿ ಕರ್ಕೊಂಡ್ ಬರ್ತೀನಿ" ಅಂದರು. ನಾನೇ ಓದಿ ಹೇಳಿದೆ. ಅವರಿಗೆ ಬರೆದುಕೊಳ್ಳಲು ಪೆನ್ನನ್ನೂ ನಾನೇ ಕೊಟ್ಟೆ.

ಸೋಮವಾರ ನಿನ್ನನ್ನು ಜೀಪಿಗೆ ಹತ್ತಿಸಿದ್ದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ. ಆಗ ಗೊತ್ತಾಯಿತು. ಆಗಲೂ ನಿನ್ನ ಅಕ್ಕನಿಗೆ ಒಂದು ಸಾಲು ಬರೆಯಬಹುದಿತ್ತು. ನಿನ್ನ ಕಾಗದ ಬಂದಾಗಲೂ ಬರೆಯಬಹುದಿತ್ತು. ಲ್ಯಾಬಿಗೆ ಬೀಗ ಹಾಕಿದ್ದು ನಿಜ. ಕೀಲಿಕೈ ನನ್ನ ಬಳಿಯೇ ಇತ್ತು. ಬರೆದರೆ ನಾನು ಮಾಡಿದ್ದೆಲ್ಲ ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ ಎಂದು ಹೆದರಿದೆ.

ಜನವರಿಯಲ್ಲಿ ನಿನ್ನ ಮೇಲ್ ತೆರೆದೆ. ನಿನ್ನ ಅಕ್ಕ ಬರೆದ ಎರಡು ಮೇಲ್ ಬಂದಿದ್ದವು. ಒಂದರಲ್ಲಿ ನಿನಗೇನಾಯಿತು, ಯಾಕೆ ಬರೆಯುತ್ತಿಲ್ಲ ಎಂದು ಕೇಳಿದ್ದಳು. ಇನ್ನೊಂದರಲ್ಲಿ "ಯಾಕೆ ಹಿಂಗ್ ಮಾಡ್ದೆ" ಎಂದು ಇಷ್ಟೇ ಇತ್ತು. ಉತ್ತರ ಬರೆಯಲು ಕೂತೆ. ನಿನ್ನ ಹೆಸರಿನಲ್ಲಿ ಹೇಗೆ ಬರೆಯಲಿ? ನನ್ನ ಹೆಸರಿನಲ್ಲಿ ಬರೆಯುವ ಧೈರ್ಯ ಬರಲಿಲ್ಲ. ಎಲ್ಲವನ್ನೂ ಅಳಿಸಿ ಆ ಮೇಲ್ ಖಾತೆಯನ್ನೇ ಮುಚ್ಚಿಬಿಟ್ಟೆ. ಈಗ ತೆರೆಯಲು ಅಲ್ಲಿ ಏನೂ ಇಲ್ಲ. ಅವಳ ಮೇಲ್ ವಿಳಾಸವೂ ಅದರ ಜೊತೆಗೇ ಹೋಯಿತು.

ಏಕಾಂತಯ್ಯ ಸರ್‌ಗೆ ಎಲ್ಲ ಹೇಳಿದ್ದೇನೆ. ಬರುವ ವರ್ಷದಿಂದ ಮಕ್ಕಳ ಪಾಸ್‌ವರ್ಡ್ ಯಾವ ಮೇಷ್ಟರೂ ಕೇಳಬಾರದೆಂದು ಬರೆದುಕೊಟ್ಟಿದ್ದೇನೆ. ಅವರು ಒಪ್ಪಿದ್ದಾರೆ. ಇದು ನಿನಗೆ ಯಾವ ಸಮಾಧಾನವನ್ನೂ ಕೊಡುವುದಿಲ್ಲ ಎಂದು ಗೊತ್ತು. ಪರೀಕ್ಷೆಗೆ ಬಾ. ಹಾಲ್ ಟಿಕೆಟ್ ಇಟ್ಟಿದ್ದೇನೆ.

ಗಂಗಾಮಣಿ



ಕೆ. ಹೊಸಕೋಟೆ
29 ಮೇ 2009

ಮಿಸ್,

ಫಸ್ಟ್ ಕ್ಲಾಸ್ ಬಂದಿದೆ. ನಿಮಗೆ ಗೊತ್ತಿರುತ್ತೆ, ಶಾಲೆಯಲ್ಲಿ ಹಾಕಿರ್ತಾರೆ. ಪರೀಕ್ಷೆ ದಿನ ನೀವು ಗೇಟಿನ ಹತ್ತಿರ ನಿಂತಿದ್ದನ್ನ ನೋಡಿದೆ. ಮಾವ ಜೊತೇಲಿದ್ದರು ಅಂತ ಮಾತಾಡಿಸದೇ ಹೋಗಿದ್ದಲ್ಲ. ಮಾತಾಡಿಸಬೇಕು ಅನ್ನಿಸಲಿಲ್ಲ.

ಅಪ್ಪ ಆಲೂರಿನಲ್ಲಿ ಪಿಯುಸಿಗೆ ಸೇರಿಸೋಕೆ ಒಪ್ಪಿದ್ದಾರೆ. ತಿಪಟೂರಿನ ವಿಷಯ ಅವರು ನನ್ನ ಹತ್ತಿರ ಇವತ್ತಿನವರೆಗೂ ಎತ್ತಿಲ್ಲ. ಬಂದಾಗ ಅತ್ತೆ ಕೊಟ್ಟ ಕಾಫಿ ಕುಡೀತಾರೆ, ಮೆಣಸಿನ ರೇಟು ಮಾತಾಡ್ತಾರೆ, ಹೋಗ್ತಾರೆ. ನನ್ನ ಕಡೆ ನೋಡಲ್ಲ. ನಾನೂ ನೋಡಲ್ಲ.

ಅರ್ಜಿ ತರೋಕೆ ಅಂತ ಆಲೂರಿಗೆ ಹೋದಾಗ ಬಸ್ ಸ್ಟ್ಯಾಂಡಿನ ಹಿಂದೆ ಇರೋ ಸೈಬರ್ ಸೆಂಟರಿಗೆ ಹೋದೆ. ಅಕ್ಕನ ಮೇಲ್ ವಿಳಾಸ ಅಳಿಸಿಹೋಯಿತು ಅಂತ ನೀವು ಬರೆದಿದ್ರಿ. ಅದು ನನಗೆ ಬಾಯಿಪಾಠ. ಹೊಸ ಮೇಲ್ ಮಾಡ್ಕೊಂಡು, ನಡೆದದ್ದೆಲ್ಲ ಬರೆದು ಕಳಿಸಿದೆ. ನಿಮ್ಮ ಹೆಸರೂ ಬರೆದೆ. ಮುಂದಿನ ವಾರ ಹೋದಾಗ ಉತ್ತರ ಇತ್ತು, ಇಂಥ ದಿನ ಇಂಥ ಹೊತ್ತಿಗೆ ಚಾಟಿಗೆ ಬಾ ಅಂತ. ಅತ್ತೆಗೆ ಫೀಸಿನ ವಿಷಯ ಹೇಳಿ ನಿನ್ನೆ ಹೋದೆ.

ಅವಳು ಮೊದಲು ಕೇಳಿದ್ದು, "ನೀನು ಯಾರು?"

ನವ್ಯ ಕಣೆ ಅಂದೆ.

"ನವ್ಯ ಅಂತ ಯಾರ್ ಬೇಕಾದ್ರೂ ಬರೀಬಹುದು."

ಕೇಳು ಏನು ಬೇಕಾದ್ರೂ ಅಂದೆ. ಏಲಕ್ಕಿ ಒಣಗಿಸೋ ಮನೆ ಹಿಂದೆ ನಾವಿಬ್ಬರೂ ಏನು ಹೂತಿಟ್ವಿ ಅಂತ ಕೇಳಿದಳು. ಅಜ್ಜಿಯ ಒಡೆದುಹೋದ ಕನ್ನಡಕ ಅಂತ ತಕ್ಷಣ ಬರೆದೆ. ಅವಳ ಉತ್ತರ ಬಂತು, "ಇದನ್ನ ನಾವು ಸೆಪ್ಟೆಂಬರಲ್ಲೇ ಮೇಲ್‌ನಲ್ಲಿ ಬರ್ಕೊಂಡಿದ್ವಿ. ಅದನ್ನ ಓದ್ದೋರಿಗೆಲ್ಲಾ ಇದು ಗೊತ್ತು."

ನಾನು ಇನ್ನೊಂದು ಹೇಳಿದೆ. ಅದನ್ನೂ ಬರೆದಿದ್ವಿ ಅಂದಳು. ಮತ್ತೊಂದು ಹೇಳಿದೆ. ಅದು ಅಪ್ಪನಿಗೂ ಗೊತ್ತು ಅಂದಳು. ಎರಡು ವರ್ಷ ಮಾತಿಲ್ಲದೆ ಇದ್ದು ಸಿಕ್ಕಿದ್ವಲ್ಲ ಮಿಸ್, ನಾವು ಚಿಕ್ಕವರಿದ್ದಾಗಿನ ಒಂದನ್ನೂ ಬಿಡದೆ ಬರೆದುಬಿಟ್ಟಿದ್ವಿ. ಯಾವುದನ್ನ ಹೇಳಿದರೂ ನೀವು ಓದಿದ್ದೇ. ಅಪ್ಪನಿಗೆ ಓದಿ ಹೇಳಿದ್ದೇ. ನಾನು ನಾನೇ ಅಂತ ಹೇಳೋಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ನಂಬರ್ ಕೊಡು, ಫೋನ್ ಮಾಡ್ತೀನಿ, ನನ್ನ ದನಿ ಕೇಳು ಅಂದೆ.

"ದನಿ ನಿಂದೇ ಇರ್ತದೆ. ಪಕ್ಕದಲ್ಲಿ ಯಾರ್ ನಿಂತವ್ರೆ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

ಯಾರೂ ಇಲ್ಲ ಕಣೆ, ನಾನೊಬ್ಬಳೇ ಅಂತ ಬರೆದೆ. ಆ ಸೈಬರ್ ಸೆಂಟರಿನವನು ಟೈಮ್ ಆಯ್ತು ಅಂತ ಹಿಂದೆ ಬಂದು ನಿಂತಿದ್ದ, ಆದರೂ ಹಾಗೇ ಬರೆದೆ. ನಿಮ್ಮ ಬಗ್ಗೆ ನಾನು ಬರೆದದ್ದನ್ನ ನಂಬಿದ್ಯಾ ಅಂತ ಅವಳನ್ನ ಕೇಳಿದೆ. "ನಂಬ್ಬೇಕು ಅಂತ ಆಸೆ ಐತೆ" ಅಂದಳು.

ಇದನ್ನ ನಿಮಗೆ ಬರೀತಿರೋದು ನೀವು ಏನಾದರೂ ಮಾಡ್ತೀರಿ ಅಂತ ಅಲ್ಲ. ಮನೇಲಿ ಯಾರಿಗೂ ಹೇಳೋ ಹಾಗಿಲ್ಲ. ಗೆಳತಿಯರಿಗೆ ಹೇಳೋಕೆ ಈಗ ಭಯ. ಇಷ್ಟೆಲ್ಲ ಗೊತ್ತಿರೋದು ನಿಮಗೆ ಒಬ್ಬರಿಗೇ. ಉತ್ತರ ಬರೆಯಬೇಡಿ.

ಕೊನೇಲಿ, ಹೋಗೋ ಮುಂಚೆ, ಮಗು ಆಯ್ತಾ ಅಂತ ಕೇಳಿದೆ. ಎದ್ದು ಹೋಗಿಬಿಟ್ಟಳು ಅಂದ್ಕೊಂಡೆ. ಆಮೇಲೆ ಬಂತು.

"ಹೆಣ್ಣು. ನಿನ್ ಥರಾನೇ ಗುಂಗುರು ಕೂದಲು. ಹೆಸರು ಮಾತ್ರ ಹೇಳಲ್ಲ. ನೀನು ನಿಜವಾಗ್ಲೂ ನವ್ಯನೇ ಆಗಿದ್ರೆ ಬೇಜಾರ್ ಮಾಡ್ಕೋಬೇಡ."

ನವ್ಯಶ್ರೀ